ಎಂಟೂ ಇಪ್ಪತ್ತರ ಬಸ್ಸಿನ ಸ್ಪೀಕರು

ಮೂವತ್ತು ವರ್ಷದಿಂದ ನಾನು ಪೌರನೀತಿ ಪಾಠ ಮಾಡುತ್ತಿದ್ದೇನೆ. ಅದರಿಂದ ಯಾರಿಗಾದರೂ ಏನಾದರೂ ಉಪಯೋಗವಾದದ್ದನ್ನು ನಾನು ಕಂಡಿರಲಿಲ್ಲ. ಕಳೆದ ಜೂನ್ ತಿಂಗಳಲ್ಲಿ ಕಂಡೆ. ಆ ಆಘಾತದಿಂದ ಇನ್ನೂ ಚೇತರಿಸಿಕೊಂಡಿಲ್ಲ. ಪಾಠ ಕೇಳಿದವರು ಅದನ್ನು ಮರೆತುಬಿಡುತ್ತಾರೆ ಎಂಬ ನಂಬಿಕೆಯ ಮೇಲೆಯೇ ನಾವು ಮೇಷ್ಟ್ರುಗಳು ಧೈರ್ಯವಾಗಿ ಬದುಕುವುದು. ಅವರು ಅದನ್ನು ನೆನಪಿಟ್ಟುಕೊಂಡು, ಬರೆದಿಟ್ಟುಕೊಂಡು, ಒಂದಕ್ಷರವೂ ಬಿಡದೆ ಪಾಲಿಸಿಬಿಟ್ಟರೆ ಏನು ಮಾಡಬೇಕೆಂದು ಯಾವ ಟ್ರೈನಿಂಗ್ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ.

ನನ್ನ ಮನೆ ನಂಜನಗೂಡಿನಲ್ಲಿ, ಸ್ಕೂಲು ಟಿ. ನರಸೀಪುರದಲ್ಲಿ. ಬೆಳಗ್ಗೆ ಎಂಟೂ ಇಪ್ಪತ್ತರ ಬಸ್ಸಿಗೆ ಹೊರಟರೆ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಸೇರುತ್ತೇನೆ. ಈ ಬಸ್ಸಿನಲ್ಲಿ ನನ್ನಂತೆ ದಿನಾ ಓಡಾಡುವ ಪಾಸಿನವರು ಇನ್ನೂ ಮೂವತ್ತು ಜನರಿದ್ದಾರೆ. ಅದರಲ್ಲಿ ಎಡಗಡೆ ಮೂರನೇ ಸಾಲಿನ ಕಿಟಕಿ ಸೀಟು ಹನ್ನೊಂದು ವರ್ಷದಿಂದ ನನ್ನದು. ಇದು ಆಸೆಯ ಮಾತಲ್ಲ, ಹೊಟ್ಟೆಯ ಮಾತು. ನನಗೆ ಬಸ್ಸು ಹತ್ತಿದರೆ ವಾಂತಿಯಾಗುತ್ತದೆ. ಮುಖ ಮುಂದಕ್ಕಿರಬೇಕು, ಪಕ್ಕದಲ್ಲಿ ಗಾಳಿ ಬರಬೇಕು, ಬಾಯಿಗೆ ಬಿಡುವಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಗಿರಿಜಾ ಬೆಳಗ್ಗೆ ಹಾಕಿದ ಉಪ್ಪಿಟ್ಟು ಮೇಲೆ ಬರಲು ಶುರು ಮಾಡುತ್ತದೆ. ಗಿರಿಜಾ ಎಂದರೆ ನನ್ನ ಹೆಂಡತಿ.

ಹಾಗಾಗಿ ನಾನು ನಂಜನಗೂಡಿನಿಂದ ನರಸೀಪುರದವರೆಗೂ ಮಾತಾಡುತ್ತೇನೆ. ಬೆಲೆ ಏರಿಕೆ, ಕಬ್ಬು, ಸಂವಿಧಾನ, ಮೊಣಕಾಲು ನೋವು, ಯಾವುದಾದರೂ ಸರಿ. ಪಕ್ಕದ ಸೀಟಿನಲ್ಲಿ ಹೆಡತಲೆಯ ಪುಟ್ಟಸ್ವಾಮಿ ಕೂರುತ್ತಾನೆ. ಸರ್ವೆ ಕೆಲಸದವನು, ಮಿತಭಾಷಿ. "ಊ ಸಾ", "ಅದೂ ನಿಜವೇ ಸಾ" ಎಂಬ ಎರಡು ಮಾತಿನಲ್ಲಿ ಹನ್ನೊಂದು ವರ್ಷ ಕಳೆದಿದ್ದಾನೆ. ಹಿಂದಿನ ಸಾಲುಗಳಲ್ಲಿ ಕೂತವರು ನನ್ನ ಮಾತಿಗೆ ತಲೆದೂಗುತ್ತಾರೆಂದು ಅವನೇ ಒಮ್ಮೆ ಹೇಳಿದ್ದ. "ನೀವ್ ಬಾಯ್ ತಗದ್ರೆ ಸಾಕು ಸಾ, ಹಿಂದ್ಗಡೆಯೆಲ್ಲ ತಲೆ ಆಡುಸ್ತಾವ್ರೆ" ಎಂದಿದ್ದ. ನಾನು ತಿರುಗಿ ನೋಡಿದರೆ ತಲೆ ಸುತ್ತುತ್ತದಾದ್ದರಿಂದ ಅವನ ಮಾತನ್ನೇ ನಂಬಿಕೊಂಡಿದ್ದೆ.

ಜೂನ್ ಬಂತೆಂದರೆ ನಮ್ಮ ಬಸ್ಸಿಗೆ ಕಷ್ಟಕಾಲ. ಅದು ವರ್ಗಾವಣೆಯ ಸುಗ್ಗಿ. ಹಳಬರು ಹೋಗುತ್ತಾರೆ, ಹೊಸಬರು ಬರುತ್ತಾರೆ, ಬಂದವರಿಗೆ ಯಾವ ಸೀಟು ಯಾರದೆಂದು ಗೊತ್ತಿರುವುದಿಲ್ಲ. ಸೀಟು ಹಿಡಿಯುವುದಕ್ಕೆ ನಮ್ಮಲ್ಲಿರುವ ಕಾನೂನು ಒಂದೇ: ಬಸ್ಸು ಸ್ಟ್ಯಾಂಡಿಗೆ ತಿರುಗುತ್ತಿರುವಾಗಲೇ ಕಿಟಕಿಯಿಂದ ಕರ್ಚೀಫು ಎಸೆಯುವುದು. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಜನವೂ ಹೆಚ್ಚಿತು, ಕರ್ಚೀಫೂ ಹೆಚ್ಚಿತು. ಈ ವರ್ಷ ಮೊದಲನೇ ವಾರವೇ ಹೊಸದಾಗಿ ಬಂದ ಬ್ಯಾಂಕಿನ ಹುಡುಗಿಯ ಕರ್ಚೀಫಿನ ಮೇಲೆ ಕಳಲೆಯ ಮಹದೇವಮ್ಮನವರು ಟಿಫನ್ ಕ್ಯಾರಿಯರ್ ಇಟ್ಟರು. ಮಹದೇವಮ್ಮ ನರಸೀಪುರದಲ್ಲಿ ನರ್ಸು. ಇಂಜೆಕ್ಷನ್ ಕೊಡುವ ಕೈ, ನಡುಗುವುದಿಲ್ಲ. ಬ್ಯಾಂಕಿನವರೆಲ್ಲ ಒಂದು ಕಡೆ, ಆಸ್ಪತ್ರೆಯವರೆಲ್ಲ ಒಂದು ಕಡೆ ಎದ್ದು ನಿಂತರು. ಕ್ಯಾರಿಯರ್ ಉರುಳಿ ಸಾರು ಚೆಲ್ಲಿತು. ಕಂಡಕ್ಟರ್ ನಂಜುಂಡ ಸೀಟಿ ಊದಿ ಬಸ್ಸನ್ನೇ ನಿಲ್ಲಿಸಿಬಿಟ್ಟ.

ಆ ಗಲಾಟೆಯ ಮಧ್ಯೆ ನಾನು ಎದ್ದು ನಿಂತೆ. ಏಳಬಾರದಿತ್ತು. "ನೋಡಿ, ಇನ್ನೂರಕ್ಕೂ ಮೇಲ್ಪಟ್ಟು ಜನ, ಒಬ್ಬರನ್ನೊಬ್ಬರು ಕಂಡರಾಗದವರು, ವಿಧಾನಸಭೆಯಲ್ಲಿ ಒಂದೇ ಸೂರಿನಡಿ ಕೂರುತ್ತಾರೆ. ಅಲ್ಲಿ ಯಾರಾದರೂ ಕರ್ಚೀಫು ಎಸೆಯುತ್ತಾರೆಯೇ? ಮೊದಲ ದಿನವೇ ಎಲ್ಲವನ್ನೂ ಕ್ರಮವಾಗಿ ಜೋಡಿಸಿಕೊಳ್ಳುತ್ತಾರೆ. ನಾವೂ ಹಾಗೆ ಮಾಡಬಹುದು" ಎಂದೆ. ಬಸ್ಸು ನಿಶ್ಶಬ್ದವಾಯಿತು. ನನ್ನ ಸರ್ವಿಸಿನಲ್ಲಿ ಅಂಥ ನಿಶ್ಶಬ್ದ ನಾನು ಕೇಳಿಯೇ ಇರಲಿಲ್ಲ.

"ಎಂಗ್ ಜೋಡುಸ್ಕೋತಾರೆ ಸಾ?" ಎಂದ ಪುಟ್ಟಸ್ವಾಮಿ.

ಹನ್ನೊಂದು ವರ್ಷದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು. ಆಸಕ್ತಿಯಿಂದ ಪ್ರಶ್ನೆ ಕೇಳುವ ವಿದ್ಯಾರ್ಥಿಯನ್ನು ಮೊದಲು ಅನುಮಾನಿಸಬೇಕು ಎಂಬುದು ಸ್ಟಾಫ್ ರೂಮಿನ ಹಳೆಯ ಗಾದೆ. ನನಗೆ ಸಂತೋಷದಲ್ಲಿ ಅದು ನೆನಪಾಗಲಿಲ್ಲ.

ನಾಲ್ಕು ದಿನ ಪಾಠ ಮಾಡಿದೆ. ಹೊಸ ಸಭೆ ಸೇರಿದಾಗ ಅದಕ್ಕೆ ತಲೆಯೇ ಇರುವುದಿಲ್ಲ, ಆದ್ದರಿಂದ ಎಲ್ಲರಿಗಿಂತ ಹಿರಿಯ ಸದಸ್ಯರೊಬ್ಬರನ್ನು ಹಂಗಾಮಿ ಸ್ಪೀಕರ್ ಮಾಡುತ್ತಾರೆ, ಅವರು ಎಲ್ಲರಿಗೂ ಪ್ರಮಾಣವಚನ ಬೋಧಿಸುತ್ತಾರೆ, ಆಮೇಲೆ ಸಭೆ ತನ್ನ ಸ್ಪೀಕರನ್ನು ತಾನೇ ಆರಿಸಿಕೊಳ್ಳುತ್ತದೆ ಎಂದೆ. ಒಂದು ಕಡೆ ಆಡಳಿತ ಪಕ್ಷ, ಎದುರಿಗೆ ವಿರೋಧ ಪಕ್ಷ, ಯಾರಿಗೆ ಯಾವ ಆಸನವೆಂದು ನಂಬರು ಹಾಕಿ ಹಂಚುವುದು ಸ್ಪೀಕರ್ ಅಧಿಕಾರ ಎಂದೆ. ಒಮ್ಮೆ ಮಕ್ಕಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಸಂದರ್ಶಕರ ಗ್ಯಾಲರಿಯಿಂದ ಸದನವನ್ನು ತೋರಿಸಿದ್ದನ್ನೂ ಹೇಳಿದೆ. ಅಲ್ಲಿ ನಾನು ಪಿಸುಮಾತಿನಲ್ಲಿ ವಿವರಿಸುತ್ತಿದ್ದಾಗ ಸಿಬ್ಬಂದಿಯೊಬ್ಬರು ಬಂದು "ಇಲ್ಲಿ ಮಾತಾಡುವಂತಿಲ್ಲ ಸರ್" ಎಂದರು. "ನಾನು ಮೇಷ್ಟ್ರು" ಎಂದೆ. "ಗೊತ್ತಾಯ್ತು ಸರ್, ಅದಕ್ಕೇ ಹೇಳಿದ್ದು" ಎಂದರು. ಇದನ್ನು ಹೇಳಿದಾಗ ಬಸ್ಸಿನಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು ಎಂದು ಈಗ ನೆನಪಾಗುತ್ತಿದೆ.

ಮಹದೇವಮ್ಮ ಒಂದು ಹಳೆಯ ಡೈರಿ ತೆಗೆದು ಬರೆದುಕೊಳ್ಳತೊಡಗಿದರು. "ಮೇಷ್ಟ್ರೇ, ಈ ಸ್ಪೀಕರ್ ಆದವ್ರು ಯಾವ್ ಪಾರ್ಟಿ ಕಡೆ ಕುಂತ್ಕೋತಾರೆ?" ಎಂದು ಕೇಳಿದರು.

"ಯಾವ ಕಡೆಯೂ ಕೂರುವಂತಿಲ್ಲಮ್ಮ. ಸ್ಪೀಕರ್ ಆದ ಮೇಲೆ ಪಕ್ಷಾತೀತ. ಅವರ ಪೀಠವೇ ಬೇರೆ, ಎಲ್ಲರಿಗೂ ಎದುರಾಗಿ ಇರುತ್ತದೆ."

"ಮಾತುಗೀತು?"

"ಚರ್ಚೆಯಲ್ಲಿ ಭಾಗವಹಿಸುವಂತಿಲ್ಲ. ಬೇರೆಯವರು ಮಾತಾಡುತ್ತಾರೆ, ಅವರು ಕೇಳಿಸಿಕೊಳ್ಳುತ್ತಾರೆ. ಹೆಚ್ಚೆಂದರೆ 'ಕುಳಿತುಕೊಳ್ಳಿ' ಎನ್ನಬಹುದು. ಎರಡು ಕಡೆಯ ಮತ ಸಮವಾದರೆ ಮಾತ್ರ ಅವರದೊಂದು ವೋಟು."

"ಅಷ್ಟೇಯಾ" ಎಂದು ಮಹದೇವಮ್ಮ ಅದರ ಕೆಳಗೆ ಎರಡು ಗೆರೆ ಎಳೆದರು. ನನ್ನ ಮಾತಿನ ಕೆಳಗೆ ಗೆರೆ ಎಳೆದವರನ್ನು ಕಂಡು ನನ್ನ ಕಣ್ಣು ತುಂಬಿ ಬಂತು.

ಸೋಮವಾರ ಅಧಿವೇಶನ ಆರಂಭವಾಯಿತು. ವಯಸ್ಸಿನಲ್ಲಿ ನಾನೇ ಹಿರಿಯ, ರಿಟೈರಾಗಲು ಎರಡು ವರ್ಷವಿದೆ. "ಅಂಗಾಮಿ ನೀವಲ್ದೆ ಇನ್ಯಾರು ಸಾ" ಎಂದ ಪುಟ್ಟಸ್ವಾಮಿ. ಎಡಗಡೆ ಸೀಟಿನ ಕಚೇರಿಯವರೂ ಮೇಷ್ಟ್ರುಗಳೂ ಆಡಳಿತ ಪಕ್ಷ, ಅವರಿಗೆ ಪುಟ್ಟಸ್ವಾಮಿಯೇ ನಾಯಕ. ಬಲಗಡೆಯ ಆಸ್ಪತ್ರೆ, ಬ್ಯಾಂಕಿನವರು ವಿರೋಧ ಪಕ್ಷ, ಚೆಲ್ಲಿದ ಸಾರನ್ನು ಮರೆತು ಅವರೆಲ್ಲ ಮಹದೇವಮ್ಮನವರನ್ನೇ ನಾಯಕಿ ಮಾಡಿಕೊಂಡರು. ರಾಜ್ಯಪಾಲರ ಭಾಷಣಕ್ಕೆ ನಂಜುಂಡನನ್ನು ಕೇಳಿದೆ. ರಾಜ್ಯಪಾಲರು ಯಾರೋ ಬರೆದುಕೊಟ್ಟದ್ದನ್ನು ಓದಬೇಕಷ್ಟೆ ಎಂದು ವಿವರಿಸಿದೆ. ಅವನು ಟಿಕೆಟ್ ಮಿಷನ್ನು ಎದೆಗವಚಿಕೊಂಡು ದಿನಾ ಹೇಳುವುದನ್ನೇ ಹೇಳಿದ: "ಒಳಗ್ ಓಗಿ, ಒಳಗ್ ಓಗಿ, ಒಳ್ಗೆಲ್ಲಾ ಖಾಲಿ ಅದೆ." ಅಲ್ಲಿ ಒಂದು ಇರುವೆಗೂ ಜಾಗವಿರಲಿಲ್ಲ. ಆದರೂ ಅದು ಬಹಳ ಸಹಜವಾಗಿತ್ತು.

ನಾನು ಸೀಟಿನಲ್ಲಿ ಕೂತೇ ಒಬ್ಬೊಬ್ಬರಿಗೂ ಪ್ರಮಾಣವಚನ ಬೋಧಿಸಿದೆ. ಹಂಚಿದ ಸೀಟಿನಲ್ಲೇ ಕೂರುತ್ತೇನೆ, ಕರ್ಚೀಫು ಎಸೆಯುವುದಿಲ್ಲ ಎಂಬುದು ಪ್ರಮಾಣ. ಕೆಲವರು ನಂಜುಂಡೇಶ್ವರನ ಹೆಸರಿನಲ್ಲಿ, ಇಬ್ಬರು ಬುದ್ಧನ ಹೆಸರಿನಲ್ಲಿ, ಒಬ್ಬರು ತಮ್ಮ ಬಸ್ ಪಾಸಿನ ಹೆಸರಿನಲ್ಲಿ ಪ್ರಮಾಣ ಮಾಡಿದರು. ನರಸೀಪುರ ಬಂದದ್ದೇ ತಿಳಿಯಲಿಲ್ಲ. ಅಂದು ನನ್ನ ಹೊಟ್ಟೆಯೂ ತಣ್ಣಗಿತ್ತು. ಸಂಜೆ ಗಿರಿಜಾಳಿಗೆ "ಇಡೀ ಬಸ್ಸು ನನ್ನ ಮಾತು ಕೇಳುತ್ತಿದೆ ಕಣೇ" ಎಂದೆ. ಅವಳು ಸೊಪ್ಪು ಬಿಡಿಸುತ್ತ "ಪಾಪ" ಎಂದಳು. ಯಾರಿಗೆ ಹೇಳಿದಳೆಂದು ನಾನು ವಿಚಾರಿಸಲಿಲ್ಲ.

ಮಂಗಳವಾರ ಸ್ಪೀಕರ್ ಚುನಾವಣೆ. ನನ್ನ ಲೆಕ್ಕಾಚಾರ ಹೀಗಿತ್ತು: ಯಾರನ್ನಾದರೂ ಸ್ಪೀಕರ್ ಮಾಡಿ, ಹಂಗಾಮಿ ಕೆಲಸ ಮುಗಿಸಿ, ನನ್ನ ಮೂರನೇ ಸಾಲಿನ ಕಿಟಕಿಯನ್ನು ಕ್ರಮಬದ್ಧವಾಗಿ ನನ್ನ ಹೆಸರಿಗೆ ಮಾಡಿಸಿಕೊಳ್ಳುವುದು. "ಹೆಸರು ಸೂಚಿಸಿ" ಎಂದೆ. ಪುಟ್ಟಸ್ವಾಮಿ ಎದ್ದು ನಿಂತ. ಹನ್ನೊಂದು ವರ್ಷದಲ್ಲಿ ನಾಲ್ಕು ವಾಕ್ಯ ಒಟ್ಟಿಗೆ ಆಡದವನು ಹೇಳಿದ: "ಈ ಬಸ್ಸಲ್ಲಿ ಕಾನೂನು ತಿಳ್ದೋರು ಒಬ್ರೇ. ವಯಸ್ನಲ್ಲಿ ದೊಡ್ಡೋರು ಒಬ್ರೇ. ಅವ್ರು ಇರೋವಾಗ ಇನ್ನೊಬ್ರ ಹೆಸ್ರು ಹೇಳುದ್ರೆ ನಾಲ್ಗೆ ಬಿದ್ದೋದಾತು. ಮೇಷ್ಟ್ರೇ ಸ್ಪೀಕರ್ ಆಗ್ಬೇಕು ಅಂತ ಸೂಚುಸ್ತೀನಿ." ಮಹದೇವಮ್ಮ ಅನುಮೋದಿಸಿದರು. ನಾನು ನಾಚಿಕೊಂಡು "ಬೇಡ, ಬೇಡ" ಎನ್ನುವಷ್ಟರಲ್ಲಿ "ಹೌದು" ಎಂಬ ಧ್ವನಿ ಎದ್ದಿತು. ಬಸ್ಸಿನ ಗಾಜು ಅದುರಿತು. ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎಂಬುದರಲ್ಲೂ ಎಂದೂ ಒಮ್ಮತಕ್ಕೆ ಬರದ ಜನ. ಬ್ಯಾಂಕಿನ ಹುಡುಗಿಯ ಕೂಗು ಎಲ್ಲಕ್ಕಿಂತ ಜೋರಾಗಿತ್ತು. ಅವಳು ನನ್ನ ಮಾತು ಕೇಳಿಸಿಕೊಂಡದ್ದು ಬರೀ ಎರಡು ವಾರ.

ಅವಿರೋಧ ಆಯ್ಕೆ. ಹೆಮ್ಮೆಯಿಂದ ಕೈ ಮುಗಿದೆ. ಆಗ ಪುಟ್ಟಸ್ವಾಮಿ ನನ್ನ ಬಲಗೈಯನ್ನೂ ಮಹದೇವಮ್ಮ ಎಡಗೈಯನ್ನೂ ಹಿಡಿದುಕೊಂಡರು.

"ಏನಿದು?" ಎಂದೆ.

"ನೀವೇ ಹೇಳಿದ್ರಲ್ಲ ಸಾ. ಆಡಳಿತ ಪಕ್ಷದೋರು ಒಂದ್ ಕೈ, ವಿರೋಧ ಪಕ್ಷದೋರು ಒಂದ್ ಕೈ ಇಡ್ಕಂಡು ಪೀಠದವರ್ಗೂ ಕರ್ಕೊಂಡೋಗಿ ಕೂರುಸ್ಬೇಕು ಅಂತ."

"ಪೀಠ ಎಲ್ಲಿದೆ?"

ಅವನು ಗದ್ದದಿಂದ ಮುಂದಕ್ಕೆ ತೋರಿಸಿದ. ನಮ್ಮ ಬಸ್ಸಿನಲ್ಲಿ ಡ್ರೈವರ್ ಬೆನ್ನಿಗೆ ಬೆನ್ನು ಕೊಟ್ಟು ಹಿಂದಕ್ಕೆ ಮುಖ ಮಾಡಿ ಕೂರುವ ಒಂದು ಸೀಟಿದೆ. ಇಡೀ ಬಸ್ಸು ಎದುರಿಗೆ ಕಾಣುತ್ತದೆ. ಕೆಳಗಿನಿಂದ ಎಂಜಿನ್ನಿನ ಬಿಸಿ ಬರುತ್ತದೆ, ಪಕ್ಕದ ಕಿಟಕಿಯ ಗಾಜು ಎಷ್ಟೋ ಕಾಲದಿಂದ ಜಾಮ್ ಆಗಿದೆ. ಕೋಳಿ ತೆಗೆದುಕೊಂಡು ಹೋಗುವವರೂ ಅಲ್ಲಿ ಕೋಳಿಯನ್ನು ಇಟ್ಟು ತಾವು ನಿಂತುಕೊಳ್ಳುತ್ತಾರೆ. "ಎಲ್ರಿಗೂ ಎದುರಾಗಿ ಇರೋ ಪೀಠ ಅದೊಂದೇ ಕಣ್ ಮೇಷ್ಟ್ರೇ" ಎಂದು ಮಹದೇವಮ್ಮ ಡೈರಿ ತೋರಿಸಿದರು.

ಹಿಂದಿನ ಕಾಲದಲ್ಲಿ ಇಂಗ್ಲೆಂಡಿನ ಸ್ಪೀಕರುಗಳು ರಾಜನಿಗೆ ಕೆಟ್ಟ ಸುದ್ದಿ ಹೇಳಬೇಕಾಗಿ ಬಂದು ಕೆಲವರ ತಲೆಯೇ ಹೋಗುತ್ತಿತ್ತಂತೆ. ಅದಕ್ಕೇ ಆಯ್ಕೆಯಾದವರು ಒಲ್ಲೆ ಒಲ್ಲೆ ಎನ್ನುವುದು, ಉಳಿದವರು ಎಳೆದುಕೊಂಡು ಹೋಗುವುದು ಸಂಪ್ರದಾಯವಾಯಿತಂತೆ. ಇದನ್ನು ನಾನು ಮೂವತ್ತು ಬ್ಯಾಚಿಗೆ ನಗುನಗುತ್ತ ಹೇಳಿದ್ದೇನೆ. ಅಂದು ನನಗೆ ನಗು ಬರಲಿಲ್ಲ. ಸೀಟಿನ ಕಂಬಿಯನ್ನು ಹಿಡಿದುಕೊಂಡೆ. ಸದಸ್ಯರು ಚಪ್ಪಾಳೆ ತಟ್ಟಿದರು, ನಾನು ಸಂಪ್ರದಾಯ ಪಾಲಿಸುತ್ತಿದ್ದೇನೆಂದು ತಿಳಿದು. ಮಹದೇವಮ್ಮನವರ ಹಿಡಿತ ಅಳುವ ರೋಗಿಗಳಿಗೆ ಗೊತ್ತಿರುವಂಥದು. ನಾಲ್ಕು ಹೆಜ್ಜೆಯಲ್ಲಿ ನನ್ನನ್ನು ಪೀಠಕ್ಕೆ ಒರಗಿಸಿದರು. ಇಬ್ಬರೂ ನಾಯಕರು ಅಭಿನಂದನಾ ಭಾಷಣ ಮಾಡಿದರು. ತಿರುಗಿ ನೋಡಿದರೆ, ಕ್ಷಮಿಸಿ, ಇನ್ನು ತಿರುಗುವ ಅಗತ್ಯವೇ ಇರಲಿಲ್ಲ, ಎದುರಿಗೇ ಕಾಣುತ್ತಿತ್ತು: ಮೂರನೇ ಸಾಲಿನ ನನ್ನ ಕಿಟಕಿಯಲ್ಲಿ ಸಭಾನಾಯಕ ಪುಟ್ಟಸ್ವಾಮಿ ಕೂತಿದ್ದ. ಗಾಜು ಸರಿಸಿ, ಗಾಳಿಗೆ ಮುಖ ಒಡ್ಡಿ, ಕಣ್ಣು ಮುಚ್ಚಿಕೊಂಡಿದ್ದ. ಮನುಷ್ಯನ ಮುಖದಲ್ಲಿ ಅಷ್ಟು ಶಾಂತಿಯನ್ನು ನಾನು ದೇವಸ್ಥಾನದಲ್ಲೂ ಕಂಡಿರಲಿಲ್ಲ.

ನನಗೆ ನಿಜವಾಗಿ ಬೇಜಾರಾಯಿತು. ಒಂದು ಕಿಟಕಿಗೆ ಇಷ್ಟೆಲ್ಲ ಬೇಕಿತ್ತೇ, ಬಾಯಿಬಿಟ್ಟು ಕೇಳಿದ್ದರೆ ಕೊಡುತ್ತಿರಲಿಲ್ಲವೇ ಎಂದುಕೊಂಡೆ. ಕೊಡುತ್ತಿರಲಿಲ್ಲ. ಅದು ಅವನಿಗೂ ಗೊತ್ತು.

ಮೊದಲ ವಾರ ನಿಂಬೆಹಣ್ಣು ಮೂಸುತ್ತ ಕಳೆದೆ. ಬಾಯಿ ಬಿಟ್ಟರೆ ಪುಟ್ಟಸ್ವಾಮಿ ಎದ್ದು "ಕ್ರಿಯಾಲೋಪ ಸಾ, ಸ್ಪೀಕರ್ ಚರ್ಚೆ ಮಾಡಂಗಿಲ್ಲ" ಎನ್ನುತ್ತಿದ್ದ. ನನಗೆ ಉಳಿದದ್ದು ಒಂದೇ ಮಾತು. ಅದನ್ನಾದರೂ ಆಡೋಣವೆಂದು ಒಂದು ದಿನ "ಎಲ್ಲರೂ ಕುಳಿತುಕೊಳ್ಳಿ" ಎಂದೆ. ಬಾಗಿಲ ಬಳಿ ಕುಡುಗೋಲು ಕಟ್ಟಿದ ಚೀಲ ಹಿಡಿದು ನೇತಾಡುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ "ಎಲ್ ಕುಂತ್ಕಳದು ಸಾಮಿ, ನಿಮ್ ತೊಡೆ ಮ್ಯಾಲಾ?" ಎಂದು ಕೇಳಿದಳು. ಅದು ಮೊದಲೇ ತಿಳಿಸದ ಪ್ರಶ್ನೆಯಾದ್ದರಿಂದ ಉತ್ತರಿಸಲಿಲ್ಲ.

ಇನ್ನೊಂದು ದಿನ ಸಂತಾಪ ಸೂಚನೆ ಇಟ್ಟುಕೊಂಡೆವು. ಅಧಿವೇಶನದ ಆರಂಭದಲ್ಲಿ ಅಗಲಿದವರನ್ನು ನೆನೆಯುವುದು ಪದ್ಧತಿ. ನಮ್ಮಲ್ಲಿ ಅಗಲಿದವರೆಂದರೆ ಬೀದರಿಗೆ ವರ್ಗವಾದ ಶಿವಣ್ಣ. ನಾನು ಎರಡು ಮಾತು ಹೇಳಿ, ಒಂದು ನಿಮಿಷ ಮೌನವೆಂದೆ. ಸದನ ಎದ್ದು ನಿಂತು ತಲೆ ಬಗ್ಗಿಸಿತು. ಅಷ್ಟರಲ್ಲಿ ಬಸ್ಸು ಚಿಕ್ಕಯ್ಯನಛತ್ರದ ಹತ್ತಿರ ನಿಂತು ಇಪ್ಪತ್ತು ಜನ ಹತ್ತಿದರು. ಖಾಲಿ ಸೀಟು ಕಂಡು ಕೂತುಬಿಟ್ಟರು. ಸದನ ತಲೆ ಎತ್ತಿದಾಗ ಸದಸ್ಯರೆಲ್ಲ ನಿಂತಿದ್ದರು, ಪ್ರಜೆಗಳೆಲ್ಲ ಕೂತಿದ್ದರು. ಮೌನಾಚರಣೆ ನರಸೀಪುರದವರೆಗೂ ಮುಂದುವರಿಯಿತು. ಶಿವಣ್ಣನಿಗೆ ಅಷ್ಟು ಮನಃಪೂರ್ವಕವಾದ ಸಂತಾಪ ಯಾರೂ ಸೂಚಿಸಿರಲಾರರು. ಕೂತಿದ್ದ ಸದಸ್ಯ ನಾನೊಬ್ಬನೇ. ನನ್ನ ಪೀಠಕ್ಕೆ ಯಾರೂ ಆಸೆಪಟ್ಟಿರಲಿಲ್ಲ.

ಆದರೆ ವಾಂತಿಗಿಂತಲೂ, ಮಾತು ನಿಂತದ್ದಕ್ಕಿಂತಲೂ ದೊಡ್ಡ ಏಟು ಬೇರೆಯೇ ಬಿತ್ತು. ಎರಡನೇ ವಾರ, ಹೊಟ್ಟೆ ಸ್ವಲ್ಪ ಒಗ್ಗಿದ ಮೇಲೆ, ನಾನು ಎದುರಿಗಿದ್ದವರ ಮುಖಗಳನ್ನು ಸರಿಯಾಗಿ ನೋಡಿದೆ. ಮೂವತ್ತೂ ಜನ ತಲೆದೂಗುತ್ತಿದ್ದರು. ಯಾರೂ ಏನೂ ಮಾತಾಡುತ್ತಿರಲಿಲ್ಲ. ಆದರೂ ತಲೆದೂಗುತ್ತಿದ್ದರು. ಬಸ್ಸು ಗುಂಡಿಗೆ ಇಳಿದರೆ ಮೂವತ್ತು ತಲೆ ಮುಂದಕ್ಕೆ, ಗುಂಡಿ ಹತ್ತಿದರೆ ಮೂವತ್ತು ತಲೆ ಹಿಂದಕ್ಕೆ. ಕಿವಿಯಲ್ಲಿ ಇಯರ್ ಫೋನು, ಕಣ್ಣು ಪೂರ್ತಿ ಮುಚ್ಚಿದೆ, ಒಬ್ಬಿಬ್ಬರ ಬಾಯಿ ತೆರೆದಿದೆ. ಹನ್ನೊಂದು ವರ್ಷ ನನ್ನ ಮಾತಿಗೆ ಒಪ್ಪಿಗೆ ಕೊಟ್ಟದ್ದು ನರಸೀಪುರ ರಸ್ತೆಯ ಗುಂಡಿಗಳು.

ಅಂದು ಸಂಜೆ ಮನೆಗೆ ಬಂದು ಸುಮ್ಮನೆ ಕೂತೆ. "ಹುಷಾರಿಲ್ವಾ? ಬಂದು ಅರ್ಧ ಗಂಟೆ ಆಯ್ತು, ಒಂದ್ ಮಾತಿಲ್ಲ" ಎಂದು ಗಿರಿಜಾ ಹಣೆ ಮುಟ್ಟಿ ನೋಡಿದಳು. ಎಲ್ಲವನ್ನೂ ಹೇಳಿದೆ. ಅವಳು ಗಂಭೀರವಾಗಿ ಕೇಳಿಸಿಕೊಂಡು ಒಳಗೆ ಹೋದಳು. ಮರುದಿನ ನನ್ನ ಚೀಲದಲ್ಲಿ ಒಂದು ದೊಡ್ಡ ಡಬ್ಬಿ ಇತ್ತು. "ರವೆ ಉಂಡೆ. ಆ ಪುಟ್ಟಸ್ವಾಮಿಗೂ ಮಹದೇವಮ್ಮನಿಗೂ ಕೊಡಿ, ಮನೆ ಕಡೆಯಿಂದ ಅಂತ ಹೇಳಿ" ಎಂದಳು. ನಾನು ಅವಳನ್ನು ದಿಟ್ಟಿಸಿ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ.

ಮೂರನೇ ವಾರ ರಾಜೀನಾಮೆ ಬರೆದುಕೊಂಡು ಹೋದೆ. ಪುಟ್ಟಸ್ವಾಮಿಗೆ ಚಾಚಿದೆ. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. "ನಂಗಲ್ಲ ಸಾ. ಸ್ಪೀಕರ್ ರಾಜೀನಾಮೆ ಕೊಡದು ಡೆಪ್ಯುಟಿ ಸ್ಪೀಕರ್‌ಗೆ ಅಂತ ನೀವೇ ಬರ್ಸಿದ್ದೀರಿ."

"ಡೆಪ್ಯುಟಿ ಸ್ಪೀಕರ್ ಯಾರು?"

"ಇನ್ನೂ ಮಾಡ್ಕಂಡಿಲ್ವಲ್ಲ ಸಾ."

ಸರಿ, ಡೆಪ್ಯುಟಿ ಚುನಾವಣೆಗೆ ದಿನ ಗೊತ್ತು ಮಾಡುವುದು ಸ್ಪೀಕರ್ ಅಧಿಕಾರ. ಗುರುವಾರವೆಂದು ಘೋಷಿಸಿದೆ. ಗುರುವಾರ ಒಂದು ಹೆಸರೂ ಬರಲಿಲ್ಲ. ಸ್ಪೀಕರ್ ರಜೆ ಹಾಕಿದ ದಿನ ಡೆಪ್ಯುಟಿ ಆ ಪೀಠದಲ್ಲಿ ಕೂರಬೇಕೆಂಬುದೂ ಮಹದೇವಮ್ಮನವರ ಡೈರಿಯಲ್ಲಿತ್ತು. ಹಾಗಾದರೆ ನನ್ನನ್ನು ಪದಚ್ಯುತಗೊಳಿಸಿ ಎಂದೆ. ಅದಕ್ಕೆ ಹದಿನಾಲ್ಕು ದಿನದ ನೋಟಿಸು, ಸದಸ್ಯರಲ್ಲಿ ಬಹುಮತ ಬೇಕು. ನೋಟಿಸಿಗೆ ಸಹಿ ಹಾಕಲು ಒಬ್ಬರೂ ಮುಂದೆ ಬರಲಿಲ್ಲ. "ನಿಮ್ ಮ್ಯಾಲೆ ನಮ್ಗೆ ಪೂರ್ತಿ ವಿಶ್ವಾಸ ಅದೆ ಮೇಷ್ಟ್ರೇ" ಎಂದರು ಮಹದೇವಮ್ಮ. ಬಾಯಲ್ಲಿ ನನ್ನ ಮನೆಯ ರವೆ ಉಂಡೆಯಿತ್ತು.

"ಆಯಿತು, ಬರುವ ಜೂನಿಗೆ ವರ್ಗಾವಣೆಯಾಗಿ ಈ ಸಭೆ ವಿಸರ್ಜನೆಯಾಗುತ್ತದಲ್ಲ, ಅಲ್ಲಿಗೆ ಮುಗಿಯಿತು" ಎಂದೆ.

ಅವರು ಬೆರಳನ್ನು ನೆಕ್ಕಿ ಹಾಳೆ ತಿರುಗಿಸಿದರು. "ಇಲ್ಲೇ ಅದೆ ನೋಡಿ. ಸಭೆ ವಿಸರ್ಜನೆ ಆದ್ರೂ, ಮುಂದಿನ ಸಭೆ ಮೊದಲ್ನೇ ದಿನ ಸೇರೋವರ್ಗೂ ಸ್ಪೀಕರ್ ಜಾಗ ಖಾಲಿ ಆಗಲ್ಲ. ಆಮ್ಯಾಲೆ ಇರಿಯೋರು ಯಾರೋ ಅವ್ರೇ ಅಂಗಾಮಿ."

ಹಿರಿಯರು ಯಾರೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊನ್ನೆ ಒಂಬತ್ತನೇ ತರಗತಿಯಲ್ಲಿ ರಾಜ್ಯ ಸರ್ಕಾರದ ಪಾಠ ಬಂತು. ಎಂದಿನಂತೆ ಕಪ್ಪುಹಲಗೆಯ ಮೇಲೆ ವಿಧಾನಸಭೆಯ ನಕ್ಷೆ ಬರೆದು, ಅದಕ್ಕೆ ಮುಖ ಮಾಡಿ ಶುರು ಮಾಡಿದೆ. ಬಸ್ಸಿನಲ್ಲಿ ಕಟ್ಟಿಟ್ಟ ಮಾತೆಲ್ಲ ಕಟ್ಟೆಯೊಡೆದು ಬಂತು. ಹಂಗಾಮಿ ಸ್ಪೀಕರ್, ಪ್ರಮಾಣವಚನ, ಚುನಾವಣೆ, ಪೀಠ, ರಾಜೀನಾಮೆ, ವಿಸರ್ಜನೆ; ಅನುಭವದಿಂದ ಬಂದ ಪಾಠ, ಇಷ್ಟು ಚೆನ್ನಾಗಿ ನಾನೆಂದೂ ಹೇಳಿರಲಿಲ್ಲ. ಮೂವತ್ತು ವರ್ಷದಿಂದ ನಾನು ಹಲಗೆಗೆ ಮುಖ ಮಾಡಿಯೇ ಪಾಠ ಮಾಡುವುದು. ಮಕ್ಕಳು ಶಾಂತವಾಗಿ ಕೇಳುತ್ತಾರೆ ಎಂದು ಹೆಡ್ ಮಾಸ್ಟರೂ ಮೆಚ್ಚಿಕೊಂಡಿದ್ದಾರೆ. ಆದರೆ ಈಗ ಹಿಂದಕ್ಕೆ ಮುಖ ಮಾಡಿ ಕೂರುವುದು ಅಭ್ಯಾಸವಾಗಿದೆಯಲ್ಲ. ಮಾತಿನ ಮಧ್ಯೆ ನನಗೇ ತಿಳಿಯದೆ ತಿರುಗಿದೆ.

ಮೂವತ್ತೆಂಟು ಮಕ್ಕಳೂ ತಲೆದೂಗುತ್ತಿದ್ದರು. ಆ ಕೋಣೆಯ ನೆಲದಲ್ಲಿ ಒಂದು ಗುಂಡಿಯೂ ಇಲ್ಲ.